ಜೇಬಿನ ಚಿಲ್ಲರೆಯಲ್ಲಿ ಟಂಕಸಾಲೆಯ ತಪ್ಪು ಹುಡುಕುವುದು ಹೇಗೆ?

ತಿಂಗಳಿಗೊಮ್ಮೆ ನಮ್ಮ ಬೀದಿಯ ದಿನಸಿ ಅಂಗಡಿಗೆ ಐನೂರರ ನೋಟು ಹಿಡಿದು ಹೋಗುತ್ತೇನೆ. ವಾಪಸ್ ಬರುವಾಗ ಕೈಯಲ್ಲಿ ಒಂದು ಬಟ್ಟೆ ಚೀಲ, ಅದರ ತುಂಬ ಒಂದು, ಎರಡು, ಐದು, ಹತ್ತರ ನಾಣ್ಯಗಳು. ಮೊದಲ ಸಲ ಅಂಗಡಿಯವರು ನಕ್ಕಿದ್ದರು. "ಏನ್ ಮೇಷ್ಟ್ರೇ, ಎಲ್ಲರೂ ಚಿಲ್ಲರೆ ಬೇಡ ಅಂತಾರೆ, ನೀವು ಕೇಳಿ ಇಸ್ಕೊಂಡು ಹೋಗ್ತೀರಲ್ಲ!" ಈಗ ಅವರೇ ಗಲ್ಲಾದ ಪಕ್ಕ ಒಂದು ಡಬ್ಬಿಯಲ್ಲಿ ತೆಗೆದಿಟ್ಟಿರುತ್ತಾರೆ. ರಾತ್ರಿ ಊಟ ಆದಮೇಲೆ ಅದನ್ನು ಚಾಪೆಯ ಮೇಲೆ ಸುರಿದುಕೊಂಡು ಒಂದೊಂದನ್ನೇ ನೋಡುತ್ತೇನೆ. ಹುಡುಕುವುದು ಟಂಕಸಾಲೆಯವರ ಕಣ್ಣು ತಪ್ಪಿಸಿ ಹೊರಗೆ ಬಂದ ನಾಣ್ಯಗಳನ್ನು.

ಹೆಚ್ಚಿನ ಚೀಲಗಳಲ್ಲಿ ಏನೂ ಸಿಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. 'ಈ ನಾಣ್ಯ ನಿಮ್ಮ ಮನೆಯಲ್ಲಿದ್ದರೆ ನೀವು ಲಕ್ಷಾಧಿಪತಿ' ಅನ್ನುವ ವಿಡಿಯೋ ನೋಡಿ ಬಂದವರಿಗೆ ಈ ಬರಹ ಸಪ್ಪೆ ಅನ್ನಿಸಬಹುದು. ಆದರೆ ಹುಡುಕುವ ಕೆಲಸವೇ ಇಷ್ಟ ಆಗುವವರಿಗೆ ಇದು ಬಹಳ ಅಗ್ಗದ ಹವ್ಯಾಸ. ಏನೂ ಸಿಗದಿದ್ದರೆ ನಾಣ್ಯ ಖರ್ಚು ಮಾಡಿದರಾಯಿತು.

ಇಡೀ ಕೆಲಸ ಒಂದೇ ಪ್ರಶ್ನೆಯ ಮೇಲೆ ನಿಂತಿದೆ. ಈ ನಾಣ್ಯಕ್ಕೆ ಆಗಿರುವುದು ಟಂಕಸಾಲೆಯ ಒಳಗೆ ಆದದ್ದೋ, ಹೊರಗೆ ಬಂದಮೇಲೆ ಆದದ್ದೋ? ಒಳಗೆ ಆಗಿದ್ದರೆ ಅದು 'ಎರರ್'. ಹೊರಗೆ ಆಗಿದ್ದರೆ ಅದು ಬರೀ ಗಾಯ, ಅದಕ್ಕೆ ಬೆಲೆ ಇಲ್ಲ. ಕೆಳಗಿನ ಪ್ರತಿ ಹೆಜ್ಜೆಯಲ್ಲೂ ನಾವು ಕೇಳುವುದು ಇದನ್ನೇ.

ಹೆಜ್ಜೆ 1: ನಾಣ್ಯ ಹುಟ್ಟುವುದು ಹೇಗೆ ಅಂತ ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋದರೆ ಮಿಕ್ಕಿದ್ದೆಲ್ಲ ಬಾಯಿಪಾಠ ಆಗುತ್ತದೆ. ಆದ್ದರಿಂದ ಸ್ವಲ್ಪ ಹೊತ್ತು ಅಡುಗೆಮನೆಗೆ ಹೋಗೋಣ.

ನಮ್ಮಮ್ಮ ಪೂರಿಗೆ ಒಂದೊಂದೇ ಉಂಡೆ ಲಟ್ಟಿಸುತ್ತಿರಲಿಲ್ಲ. ಹಿಟ್ಟನ್ನು ದೊಡ್ಡ ಹಾಳೆಯಾಗಿ ಲಟ್ಟಿಸಿ ಡಬ್ಬಿಯ ಮುಚ್ಚಳದಿಂದ ಒತ್ತಿ ಒತ್ತಿ ತೆಗೆಯುತ್ತಿದ್ದರು. ಟಂಕಸಾಲೆಯ ಮೊದಲ ಕೆಲಸವೂ ಇದೇ. ಲೋಹದ ಉದ್ದನೆಯ ಪಟ್ಟಿಯಿಂದ ಗುಂಡಗಿನ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಆಮೇಲೆ ಅವುಗಳನ್ನು ಕುಲುಮೆಯಲ್ಲಿ ಕಾಯಿಸಿ ಮೆತ್ತಗೆ ಮಾಡುತ್ತಾರೆ, ತೊಳೆಯುತ್ತಾರೆ. ಒಂದು ಯಂತ್ರದಲ್ಲಿ ಉರುಳಿಸಿ ಅಂಚನ್ನು ಸ್ವಲ್ಪ ಎತ್ತರಿಸುತ್ತಾರೆ.

ಕೊನೆಗೆ ಬರುವುದು ಅಚ್ಚು. ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪು ಮಾಡಿಕೊಳ್ಳಿ. ಮರದ ಅಚ್ಚಿನಲ್ಲಿ ತಗ್ಗಾಗಿ ಕೊರೆದದ್ದು ಸಕ್ಕರೆಯಲ್ಲಿ ಉಬ್ಬಾಗಿ ಬರುತ್ತದೆ. ನಾಣ್ಯದ್ದೂ ಅಷ್ಟೇ. ಮೇಲೊಂದು ಉಕ್ಕಿನ ಅಚ್ಚು, ಕೆಳಗೊಂದು. ಬಿಲ್ಲೆ ಪಕ್ಕಕ್ಕೆ ಹಿಗ್ಗದಂತೆ ಸುತ್ತ ಉಕ್ಕಿನ ಬಳೆ, ಅದಕ್ಕೆ ಕಾಲರ್ ಅನ್ನುತ್ತಾರೆ. ಒಂದೇ ಹೊಡೆತಕ್ಕೆ ಎರಡೂ ಮುಖ ಮೂಡುತ್ತವೆ.

ಹಾಗಾಗಿ ತಪ್ಪು ನಡೆಯುವುದಕ್ಕೆ ಮೂರೇ ಜಾಗ. ಬಿಲ್ಲೆಯಲ್ಲಿ ದೋಷ, ಅಚ್ಚಿನಲ್ಲಿ ದೋಷ, ಇಲ್ಲವೇ ಹೊಡೆತದಲ್ಲಿ ದೋಷ. ವಿಚಿತ್ರವಾದ ನಾಣ್ಯ ಕೈಗೆ ಸಿಕ್ಕಿದಾಗ 'ಈ ಮೂರರಲ್ಲಿ ಯಾವುದರಿಂದ ಹೀಗಾಗಿರಬಹುದು?' ಅಂತ ಕೇಳಿ. ಉತ್ತರ ಹೊಳೆಯದಿದ್ದರೆ ಅದು ಹೊರಗಿನ ಗಾಯ ಆಗಿರುವ ಸಾಧ್ಯತೆಯೇ ಜಾಸ್ತಿ.

ಇಲ್ಲೇ ಒಂದು ಮಾತು. 'ನಮ್ಮ ಮೈಸೂರಲ್ಲೇ ದುಡ್ಡು ಮಾಡ್ತಾರಲ್ಲ' ಅಂತ ಎಷ್ಟೋ ಜನ ಹೇಳುತ್ತಾರೆ. ಮೈಸೂರಿನ ಮುದ್ರಣಾಲಯದಲ್ಲಿ ಆಗುವುದು ನೋಟು. ನಾಣ್ಯ ಆಗುವುದು ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾದ ನಾಲ್ಕು ಟಂಕಸಾಲೆಗಳಲ್ಲಿ.

ಹೆಜ್ಜೆ 2: ನಾಲ್ಕು ಸಾಮಾನು ಜೋಡಿಸಿಕೊಳ್ಳಿ

ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ. ಗ್ರಾಂನ ನೂರನೇ ಒಂದು ಭಾಗದವರೆಗೂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ. ಒಂದು ಅಯಸ್ಕಾಂತ, ಹಳೆಯ ಸ್ಪೀಕರಿನದಾದರೂ ಸಾಕು. ಕತ್ತು ಬಗ್ಗುವ ಟೇಬಲ್ ಲ್ಯಾಂಪ್.

ಲ್ಯಾಂಪನ್ನು ನೆತ್ತಿಯ ಮೇಲೆ ಇಡಬೇಡಿ. ಬೆಳಕು ಪಕ್ಕದಿಂದ ಓರೆಯಾಗಿ ಬೀಳಬೇಕು. ಆಗ ಕೂದಲೆಳೆಯಷ್ಟು ಉಬ್ಬಿದ್ದರೂ ಅದರ ನೆರಳು ಕಾಣುತ್ತದೆ. ನೆಲದ ಮೇಲೆ ಒಂದು ದಪ್ಪ ಬಟ್ಟೆ ಹಾಸಿಕೊಳ್ಳಿ. ನಾಣ್ಯವನ್ನು ಅಂಚು ಹಿಡಿದೇ ಎತ್ತಿ.

ಹೆಜ್ಜೆ 3: ಸರಿಯಾದ ನಾಣ್ಯ ಹೇಗಿರುತ್ತದೆ ಅಂತ ಮೊದಲು ಕಲಿಯಿರಿ

ಹೊಸಬರು ಎಡವುವುದು ಇಲ್ಲೇ. ಸರಿ ಯಾವುದು ಅಂತ ಗೊತ್ತಿಲ್ಲದವರಿಗೆ ಎಲ್ಲವೂ ತಪ್ಪಾಗಿ ಕಾಣುತ್ತದೆ.

ಈಗ ಹೆಚ್ಚು ಓಡಾಡುವ ನಾಣ್ಯಗಳ ಅಳತೆ ಹೀಗಿದೆ. ಒಂದು ಚೀಟಿಯಲ್ಲಿ ಬರೆದು ತಕ್ಕಡಿಗೆ ಅಂಟಿಸಿಕೊಳ್ಳಿ.

2011ರ ಸರಣಿ:
1 ರೂಪಾಯಿ – 22 ಮಿ.ಮೀ., 3.79 ಗ್ರಾಂ
2 ರೂಪಾಯಿ – 25 ಮಿ.ಮೀ., 4.85 ಗ್ರಾಂ
5 ರೂಪಾಯಿ – 23 ಮಿ.ಮೀ., 6.00 ಗ್ರಾಂ
10 ರೂಪಾಯಿ – 27 ಮಿ.ಮೀ., 7.71 ಗ್ರಾಂ

2019ರ ಸರಣಿ:
1 ರೂಪಾಯಿ – 20 ಮಿ.ಮೀ., 3.09 ಗ್ರಾಂ
2 ರೂಪಾಯಿ – 23 ಮಿ.ಮೀ., 4.07 ಗ್ರಾಂ
5 ರೂಪಾಯಿ – 25 ಮಿ.ಮೀ., 6.74 ಗ್ರಾಂ
10 ರೂಪಾಯಿ – 27 ಮಿ.ಮೀ., 7.74 ಗ್ರಾಂ
20 ರೂಪಾಯಿ – 27 ಮಿ.ಮೀ., 8.54 ಗ್ರಾಂ, ಹನ್ನೆರಡು ಮೂಲೆ

ಪಟ್ಟಿ ನೋಡಿದರೇ ಗೊತ್ತಾಗುತ್ತದೆ, ಒಂದೇ ಮುಖಬೆಲೆಗೆ ಎರಡೆರಡು ಅಳತೆ. ಇನ್ನೂ ಹಿಂದೆ ಹೋದರೆ 1992ರ ಮಾದರಿಯ ಸ್ಟೀಲಿನ ಒಂದು ರೂಪಾಯಿ 25 ಮಿ.ಮೀ., 4.85 ಗ್ರಾಂ. ಅಂದರೆ 2011ರ ಎರಡು ರೂಪಾಯಿಯಷ್ಟೇ! ಸಂತೆಯಲ್ಲಿ ಕತ್ತಲಾದಮೇಲೆ ಒಂದು ಯಾವುದು, ಎರಡು ಯಾವುದು ಅಂತ ತಡಕಾಡುವುದು ಸುಮ್ನೆ ಅಲ್ಲ. ಹಾಗಾಗಿ 'ಈ ಒಂದು ರೂಪಾಯಿ ದೊಡ್ಡದಾಗಿದೆ, ಎರರ್ ಇರಬೇಕು' ಅನ್ನುವ ಮೊದಲು ಇಸವಿ ನೋಡಿ, ಅದೇ ಸರಣಿಯ ಇನ್ನೊಂದು ನಾಣ್ಯದ ಜೊತೆ ಇಟ್ಟು ನೋಡಿ.

ಇಸವಿಯ ಹತ್ತಿರವೇ ಟಂಕಸಾಲೆಯ ಗುರುತು ಇರುತ್ತದೆ. ವಜ್ರದ ಆಕಾರ ಇದ್ದರೆ ಮುಂಬೈ. ನಕ್ಷತ್ರ ಇದ್ದರೆ ಹೈದರಾಬಾದ್. ಗುಂಡು ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಈ ಕೊನೆಯದನ್ನು ನೆನಪಿಡಿ. 'ಟಂಕಸಾಲೆಯ ಗುರುತೇ ಬಿಟ್ಟುಹೋದ ಅಪರೂಪದ ನಾಣ್ಯ' ಅಂತ ಮಾರುವವರಿದ್ದಾರೆ. ಕೋಲ್ಕತ್ತದಿಂದ ಬಂದ ಪ್ರತಿ ಮಾಮೂಲಿ ನಾಣ್ಯವೂ ಹಾಗೇ ಇರುತ್ತದೆ.

ಎರರ್ ಅಲ್ಲದಿದ್ದರೂ ಎರರ್ ಅನ್ನಿಸುವ ಇನ್ನೂ ಕೆಲವು ಇವೆ. ಹಿಂದೆ ಸರ್ಕಾರ ಕೆಲವು ವರ್ಷ ಹೊರದೇಶದ ಟಂಕಸಾಲೆಗಳಲ್ಲೂ ನಾಣ್ಯ ಹೊಡೆಸಿತ್ತು. 1985ರ ಒಂದು ರೂಪಾಯಿಯ ಮೇಲೆ 'ಎಚ್' ಅಕ್ಷರ ಕಂಡರೆ ಅದು ಬರ್ಮಿಂಗ್‌ಹ್ಯಾಮಿನದು. 2007ರ ಸುಮಾರಿನ ಐದು ರೂಪಾಯಿ ಬೆಳ್ಳಗೆ ಇದ್ದು ಅಯಸ್ಕಾಂತಕ್ಕೆ ಅಂಟಿದರೆ ಬೆಚ್ಚಬೇಡಿ, ಆಗ ಸ್ಟೀಲಿನಲ್ಲೇ ಮಾಡಿದ್ದರು. ಹತ್ತರ ನಾಣ್ಯದಲ್ಲಿ ಹದಿನೈದು ಗೆರೆ ಇರುವುದೂ ಸರಿ, ಹತ್ತು ಗೆರೆ ಇರುವುದೂ ಸರಿ. ರೂಪಾಯಿ ಚಿಹ್ನೆ ಬಂದದ್ದೇ 2010ರಲ್ಲಿ, ನಾಣ್ಯದ ಮೇಲೆ ಏರಿದ್ದು 2011ರಲ್ಲಿ. ಅದಕ್ಕೆ ಮುಂಚಿನ ಹತ್ತರಲ್ಲಿ ಆ ಚಿಹ್ನೆ ಎಲ್ಲಿಂದ ಬರಬೇಕು? ಹತ್ತರ ನಾಣ್ಯದ 14 ವಿನ್ಯಾಸಗಳೂ ಚಲಾವಣೆಗೆ ಸರಿ ಅಂತ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ. ಆದರೂ ನಮ್ಮ ಕಡೆ ಎಷ್ಟೋ ಅಂಗಡಿಗಳಲ್ಲಿ ಹತ್ತರ ನಾಣ್ಯ ಕೊಟ್ಟರೆ ಮುಖ ಸಿಂಡರಿಸುತ್ತಾರೆ. ವೈಷ್ಣೋದೇವಿಯ ಚಿತ್ರದ ನಾಣ್ಯ ಕೂಡ ಎರರ್ ಅಲ್ಲ, 2012ರ ಸ್ಮರಣಾರ್ಥ ನಾಣ್ಯ ಅಷ್ಟೇ.

ಹೆಜ್ಜೆ 4: ಮೊದಲ ಜರಡಿ

ಐನೂರು ರೂಪಾಯಿಯ ಚಿಲ್ಲರೆಯನ್ನೆಲ್ಲ ಮಸೂರದಲ್ಲಿ ನೋಡುತ್ತ ಕೂತರೆ ಬೆಳಗಾಗುತ್ತದೆ. ಮೊದಲು ಬೇಗಬೇಗ ಜರಡಿ ಹಿಡಿಯಿರಿ.

ಮುಖಬೆಲೆಗೊಂದು ಗುಡ್ಡೆ ಮಾಡಿ, ಹತ್ತತ್ತು ನಾಣ್ಯ ಪೇರಿಸಿ. ಗೋಪುರದಲ್ಲಿ ಒಂದು ನಾಣ್ಯ ತೆಳ್ಳಗೋ, ಹೊರಗೆ ಚಾಚಿಯೋ, ಒಳಗೆ ಸರಿದೋ ಇದ್ದರೆ ಕಣ್ಣಿಗೆ ತಾನಾಗಿ ಬೀಳುತ್ತದೆ. ಅದನ್ನು ಎತ್ತಿಡಿ.

ಆಮೇಲೆ ಅಯಸ್ಕಾಂತ. ಈಗಿನ ಒಂದು, ಎರಡು ರೂಪಾಯಿ ಸ್ಟೀಲಿನವು, ಅಂಟಬೇಕು. ಹಳದಿ ಬಣ್ಣದ ಐದು ರೂಪಾಯಿ ನಿಕಲ್ ಹಿತ್ತಾಳೆಯದು, ಅಂಟಬಾರದು. ಅಂಟಬೇಕಾದ್ದು ಅಂಟದಿದ್ದರೆ, ಅಂಟಬಾರದ್ದು ಅಂಟಿದರೆ ತಕ್ಕಡಿಗೆ ಹಾಕಿ. ಬೇರೆ ನಾಣ್ಯಕ್ಕೆಂದು ಕತ್ತರಿಸಿದ ಬಿಲ್ಲೆ ಈ ಅಚ್ಚಿನ ಕೆಳಗೆ ಬಂದು ಬಿದ್ದಿರಬಹುದು. ಎರಡು ರೂಪಾಯಿಯ ಚಿತ್ರ ಇದೆ, ಆದರೆ ಅಂಚಿನ ಅಕ್ಷರಗಳು ಅರ್ಧಕ್ಕೇ ನಿಂತಿವೆ, ತೂಕ ನೋಡಿದರೆ ಒಂದು ರೂಪಾಯಿಯಷ್ಟೇ ಇದೆ. ಅಂಥದ್ದು ಸಿಕ್ಕರೆ ನಿಜಕ್ಕೂ ಅದೃಷ್ಟ. ಹೊಳಪಿನ ಮೇಲೆ ನಿರ್ಧಾರ ಮಾಡಬೇಡಿ. ಯಾರೋ ಬೆಳ್ಳಿ ಬಣ್ಣದ ಲೇಪ ಕೊಡಿಸಿದ ಐದು ರೂಪಾಯಿಗಳು ಬೇಕಾದಷ್ಟಿವೆ. ತೂಕದಲ್ಲಿ ಒಂದೆರಡು ಪಾಯಿಂಟ್ ಹೆಚ್ಚುಕಮ್ಮಿ ಎಲ್ಲಾ ನಾಣ್ಯದಲ್ಲೂ ಇರುತ್ತದೆ, ಸವೆದ ನಾಣ್ಯ ಇನ್ನೂ ಸ್ವಲ್ಪ ಕಮ್ಮಿ ತೂಗುತ್ತದೆ. ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಮೂರನೆಯದು ತಿರುಗಿಸಿ ನೋಡುವುದು. ನಮ್ಮ ನಾಣ್ಯಗಳಲ್ಲಿ ಎರಡೂ ಮುಖಗಳ ತಲೆ ಒಂದೇ ಕಡೆ ಇರುತ್ತದೆ. ಸಿಂಹದ ತಲೆಯ ಮೇಲೆ ತೋರುಬೆರಳು, ಬುಡಕ್ಕೆ ಹೆಬ್ಬೆರಳು ಇಟ್ಟು ಹಿಡಿಯಿರಿ. ಪುಸ್ತಕದ ಹಾಳೆ ಮಗುಚಿದ ಹಾಗೆ ಪಕ್ಕಕ್ಕೆ ತಿರುಗಿಸಿ. ಹಿಂದಿನ ಅಂಕಿಯೂ ನೆಟ್ಟಗೆ ನಿಂತಿರಬೇಕು. ವಾಲಿಕೊಂಡಿದ್ದರೆ ಯಂತ್ರದಲ್ಲಿ ಒಂದು ಅಚ್ಚು ಸಡಿಲಾಗಿ ತಿರುಗಿಕೊಂಡಿತ್ತು ಅಂತ ಅರ್ಥ. ಎಷ್ಟು ವಾಲಿದೆ ಅನ್ನುವುದನ್ನು ಗಡಿಯಾರದ ಲೆಕ್ಕದಲ್ಲಿ ಹೇಳಿ. ಅಂಕಿಯ ತಲೆ ಮೂರು ಗಂಟೆಯ ಕಡೆಗಿದ್ದರೆ 90 ಡಿಗ್ರಿ, ಆರರ ಕಡೆಗಿದ್ದರೆ 180. ಹತ್ತು ಹದಿನೈದು ಡಿಗ್ರಿಯ ಓರೆಯನ್ನು ಸಂಗ್ರಾಹಕರು ಲೆಕ್ಕಕ್ಕೇ ಹಿಡಿಯುವುದಿಲ್ಲ. 90 ದಾಟಿದರೆ ಎತ್ತಿಡಿ.

ಈ ಪರೀಕ್ಷೆ ನನಗೆ ಇಷ್ಟ. ಕಾಸು ಖರ್ಚಿಲ್ಲ, ಸಾಮಾನು ಬೇಡ, ಬಸ್ಸಿನಲ್ಲಿ ಕೂತೇ ಮಾಡಬಹುದು. ಇನ್ನೊಂದು ಅನುಕೂಲ, ಅಚ್ಚು ತಿರುಗಿದ್ದನ್ನು ಮನೆಯಲ್ಲಿ ಕೂತು ನಕಲಿ ಮಾಡುವುದು ಕಷ್ಟ. ಒಂದು ಎಚ್ಚರಿಕೆ: ಅಮೆರಿಕದ ನಾಣ್ಯಗಳಲ್ಲಿ ಎರಡು ಮುಖಗಳು ತಲೆಕೆಳಗಾಗಿಯೇ ಇರುತ್ತವೆ, ಅಲ್ಲಿ ಅದೇ ಸರಿ. ನಮ್ಮಕ್ಕನ ಮಗ ಅಲ್ಲಿಂದ ತಂದ ಕ್ವಾರ್ಟರ್‌ಗಳನ್ನು ನೋಡಿ ನಾನು ಒಂದು ನಿಮಿಷ ಕುಣಿದಿದ್ದೆ.

ಹೆಜ್ಜೆ 5: ಅಂಚು ಮತ್ತು ಆಕಾರ

ಈಗ ಎತ್ತಿಟ್ಟವನ್ನು ನಿಧಾನವಾಗಿ ನೋಡೋಣ.

ಅರ್ಧಚಂದ್ರದಂತೆ ಒಂದು ತುಂಡು ಕಚ್ಚಿಹೋಗಿದೆಯಾ? ಮತ್ತೆ ಪೂರಿಯ ಹಿಟ್ಟಿಗೆ ಬನ್ನಿ. ಮುಚ್ಚಳವನ್ನು ಮುಂದೆ ಸರಿಸದೆ, ಆಗಲೇ ಪೂರಿ ತೆಗೆದ ತೂತಿನ ಮೇಲೆ ಸ್ವಲ್ಪ ತಾಗುವಂತೆ ಒತ್ತಿದರೆ ಏನಾಗುತ್ತದೆ? ಒಂದು ಪಕ್ಕ ಕಚ್ಚಿದಂಥ ಪೂರಿ ಬರುತ್ತದೆ. ಲೋಹದ ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದಾಗ ಬಿಲ್ಲೆಯೂ ಹಾಗೇ ಬರುತ್ತದೆ. ಇದಕ್ಕೆ 'ಕ್ಲಿಪ್' ಅನ್ನುತ್ತಾರೆ. ಪಟ್ಟಿಯ ತುದಿಯಲ್ಲಿ ಕತ್ತರಿಸಿದ್ದರೆ ಕಚ್ಚು ನೇರವಾಗಿರುತ್ತದೆ.

ಆದರೆ ಅರ ಹಿಡಿದು ಉಜ್ಜಿಯೂ ಇದನ್ನು ಮಾಡಬಹುದಲ್ಲ? ಮಾಡುತ್ತಾರೆ. ಹಿಡಿಯುವ ಉಪಾಯ ಚೆನ್ನಾಗಿದೆ. ಕಚ್ಚಿದ ಜಾಗಕ್ಕೆ ಸರಿಯಾಗಿ ಎದುರಿನ ಅಂಚನ್ನು ನೋಡಿ. ಬಿಲ್ಲೆಯನ್ನು ಉರುಳಿಸಿ ಅಂಚು ಎತ್ತರಿಸುವಾಗ ಎರಡು ಎದುರುಬದುರು ಪಕ್ಕಗಳ ಮೇಲೆ ಒತ್ತಡ ಬೀಳಬೇಕು. ಒಂದು ಪಕ್ಕ ಖಾಲಿ ಇದ್ದರೆ ಎದುರಿನ ಪಕ್ಕಕ್ಕೂ ಒತ್ತಡ ಸಿಗುವುದಿಲ್ಲ, ಅಲ್ಲಿ ಅಂಚಿನ ಉಬ್ಬು ಮಂಕಾಗಿರುತ್ತದೆ. ಅಸಲಿ ಕ್ಲಿಪ್‌ನಲ್ಲಿ ಹೆಚ್ಚಾಗಿ ಇದು ಕಾಣುತ್ತದೆ. ಎದುರಿನ ಅಂಚು ದಷ್ಟಪುಷ್ಟವಾಗಿದ್ದು, ಕಚ್ಚಿದ ಜಾಗದಲ್ಲಿ ಸಣ್ಣ ಸಣ್ಣ ಗೀರುಗಳು ಕಂಡರೆ ಅದು ಅರದ ಕೆಲಸ.

ಚಿತ್ರವೇ ಒಂದು ಪಕ್ಕಕ್ಕೆ ಸರಿದು, ಇನ್ನೊಂದು ಪಕ್ಕ ಬೋಳಾಗಿದ್ದರೆ ನಾಣ್ಯವನ್ನು ತಿರುಗಿಸಿ ನೋಡಿ. ಎರಡೂ ಮುಖದಲ್ಲಿ ಸರಿದಿದ್ದರೆ ಬಿಲ್ಲೆಯೇ ಅಚ್ಚಿನ ನಡುವೆ ಕೂತಿರಲಿಲ್ಲ. ಇದು 'ಆಫ್ ಸೆಂಟರ್'. ಒಂದೇ ಮುಖದಲ್ಲಿ ಸರಿದು ಇನ್ನೊಂದು ಮುಖ ಸರಿಯಾಗಿದ್ದರೆ ಒಂದು ಅಚ್ಚು ಮಾತ್ರ ಜರುಗಿತ್ತು, ಅದು ಸಣ್ಣ ತಪ್ಪು. ಆಫ್ ಸೆಂಟರ್ ನಾಣ್ಯದಲ್ಲಿ ಇಸವಿ ಉಳಿದಿದ್ದರೆ ಸಂಗ್ರಾಹಕರಿಗೆ ಹೆಚ್ಚು ಇಷ್ಟ. ಚಿತ್ರ ನಡುವೆಯೇ ಇದ್ದು, ನಾಣ್ಯ ಮಾತ್ರ ಅಗಲಕ್ಕೆ ಹಿಗ್ಗಿ ಅಂಚಿನ ಉಬ್ಬೇ ಇಲ್ಲದಿದ್ದರೆ? ಹೊಡೆತ ಬೀಳುವಾಗ ಸುತ್ತಲ ಬಳೆ ಕೆಲಸ ಮಾಡಿಲ್ಲ. ರೈಲಿನ ಚಕ್ರಕ್ಕೆ ಸಿಕ್ಕಿದ ನಾಣ್ಯವೂ ಅಗಲವಾಗುತ್ತದೆ, ಆದರೆ ಅದರ ಚಿತ್ರವೂ ಅಳಿಸಿ ಎಳೆದ ಹಾಗೆ ಆಗಿರುತ್ತದೆ.

ಅಂದಹಾಗೆ ಟಿಪ್ಪುವಿನ ಕಾಲದ ಆನೆ ಚಿತ್ರದ ತಾಮ್ರದ ಕಾಸಿಗೆ ಈ ಲೆಕ್ಕ ಹಾಕಬೇಡಿ. ಅವನ್ನು ಕೈಯಲ್ಲಿ ಸುತ್ತಿಗೆಯಿಂದ ಹೊಡೆದದ್ದು. ಆನೆಯ ಸೊಂಡಿಲೋ ಬಾಲವೋ ಹೊರಗೆ ಹೋಗಿರುವುದು ಅಲ್ಲಿ ಮಾಮೂಲು.

ಹೆಜ್ಜೆ 6: ಮಸೂರದ ಕೆಳಗೆ ಗೆರೆ ಮತ್ತು ಗಡ್ಡೆ

ಚಿಲ್ಲರೆಯಲ್ಲಿ ನಿಮಗೆ ಮೊದಲು ಸಿಗುವ ಎರರ್ ಬಹುಶಃ ಅಚ್ಚಿನ ಬಿರುಕು. ನನಗೂ ಮೊದಲು ಸಿಕ್ಕಿದ್ದು ಅದೇ, ಹೆಬ್ಬೆರಳು ಎತ್ತಿದ ಮುದ್ರೆಯ ಒಂದು ರೂಪಾಯಿಯಲ್ಲಿ. ಹೆಬ್ಬೆರಳಿನ ತುದಿಯಿಂದ ಅಂಚಿನವರೆಗೆ ಒಂದು ಸಣ್ಣ ಗೆರೆ. ಗೀರು ಅಂದುಕೊಂಡು ಪಕ್ಕಕ್ಕಿಡುತ್ತಿದ್ದೆ. ಲ್ಯಾಂಪನ್ನು ಸ್ವಲ್ಪ ಬಗ್ಗಿಸಿದಾಗ ಗೆರೆಯ ನೆರಳು ಆಚೆ ಬದಿಗೆ ಬಿತ್ತು. ಅಂದರೆ ಗೆರೆ ತಗ್ಗಲ್ಲ, ಉಬ್ಬು!

ಇಲ್ಲಿ ಸಕ್ಕರೆ ಅಚ್ಚು ನೆನಪಾಗಬೇಕು. ಅಚ್ಚು ಬಿರುಕು ಬಿಟ್ಟಿದ್ದರೆ ಆ ಬಿರುಕಿನೊಳಗೆ ಲೋಹ ನುಗ್ಗುತ್ತದೆ, ನಾಣ್ಯದ ಮೇಲೆ ಎದ್ದ ಗೆರೆಯಾಗಿ ಬರುತ್ತದೆ. ಮೊಳೆ, ಚಾಕು, ಕಲ್ಲು, ಬೀಗದ ಕೈ ಇವು ಯಾವುವೂ ನಾಣ್ಯದ ಮೇಲೆ ಉಬ್ಬಿದ ಗೆರೆ ಬರೆಯಲಾರವು. ಅವು ಕೊರೆಯುತ್ತವೆ. ಉಬ್ಬಿದ್ದರೆ ಟಂಕಸಾಲೆ, ತಗ್ಗಿದ್ದರೆ ಹೆಚ್ಚಾಗಿ ಗೀರು. ಈ ಒಂದು ಸೂತ್ರ ಅರ್ಧ ಕೆಲಸ ಮುಗಿಸುತ್ತದೆ.

ಬಿರುಕು ದೊಡ್ಡದಾಗಿ ಅಂಚಿನ ಹತ್ತಿರ ಅಚ್ಚಿನ ಚೂರೇ ಒಡೆದು ಬಿದ್ದರೆ ಆ ಜಾಗದಲ್ಲಿ ನಾಣ್ಯಕ್ಕೆ ಒಂದು ಗಡ್ಡೆ ಮೂಡುತ್ತದೆ. ಅಕ್ಷರ, ಅಂಚು ಎಲ್ಲ ಅದರೊಳಗೆ ಮುಚ್ಚಿಹೋಗಿರುತ್ತವೆ. ಸಂಗ್ರಾಹಕರು ಇದಕ್ಕೆ 'ಕಡ್' ಅನ್ನುತ್ತಾರೆ. ಗಡ್ಡೆಯ ಹಿಂಬದಿಯನ್ನೂ ನೋಡಿ. ಲೋಹವೆಲ್ಲ ಈ ಕಡೆಯ ಗುಂಡಿಗೆ ನುಗ್ಗಿರುವುದರಿಂದ ಆ ಕಡೆಯ ಅಕ್ಷರ ಪೇಲವವಾಗಿರುತ್ತದೆ. ಹಿಂಬದಿ ಗಟ್ಟಿಯಾಗಿದ್ದು, ಗಡ್ಡೆಯ ಬುಡದಲ್ಲಿ ಸಂದು ಕಂಡರೆ ಬೆಸುಗೆ ಹಾಕಿದ್ದಾರೆ ಅಂತ ಅನುಮಾನಿಸಿ.

ಇಸವಿಯ ಒಂದು ಅಂಕಿಯೋ, ಅಕ್ಷರವೋ ಮಾಯವಾಗಿದೆಯಾ? ಅಚ್ಚಿನ ತಗ್ಗಿನಲ್ಲಿ ಜಿಡ್ಡು, ಧೂಳು ತುಂಬಿಕೊಂಡಿದ್ದರೆ ಅಲ್ಲಿ ಲೋಹ ಹೋಗುವುದಿಲ್ಲ. ಅಂಥ ಅಂಕಿ ಮಂಜಿನಲ್ಲಿ ಕರಗಿದ ಹಾಗೆ ನಯವಾಗಿ ಮರೆಯಾಗುತ್ತದೆ, ಸುತ್ತಲ ಮೈ ಒಂದೇ ಸಮ ಇರುತ್ತದೆ. ಕೆರೆದು ತೆಗೆದಿದ್ದರೆ ಆ ಜಾಗ ಮಾತ್ರ ಬೇರೆ ತರಹ ಹೊಳೆಯುತ್ತದೆ. ಇದು ಚೆನ್ನಾಗಿ ಕಾಣುವ, ಆದರೆ ಹೆಚ್ಚು ಬೆಲೆ ಇಲ್ಲದ ತಪ್ಪು.

ಇನ್ನು ಅಕ್ಷರ ಎರಡೆರಡಾಗಿ ಕಾಣುವುದು. ಇಲ್ಲಿ ಜಗಳ ಜಾಸ್ತಿ. ಅಚ್ಚು ಕೊರೆಯುವಾಗಲೇ ಚಿತ್ರ ಎರಡು ಸಲ ಬಿದ್ದಿದ್ದರೆ ಅದು 'ಡಬಲ್ ಡೈ', ಬೆಲೆ ಇರುವಂಥದ್ದು. ಆಗ ಎರಡೂ ಅಕ್ಷರಗಳು ತುಂಬಿಕೊಂಡು ಉಬ್ಬಿರುತ್ತವೆ, ಅಕ್ಷರ ಮಾಮೂಲಿಗಿಂತ ದಪ್ಪ ಕಾಣುತ್ತದೆ, ಮೂಲೆಗಳಲ್ಲಿ ಸೀಳು ಇರುತ್ತದೆ. ಆದರೆ ಹೊಡೆದ ಕ್ಷಣದಲ್ಲಿ ಅಚ್ಚು ಅಲ್ಲಾಡಿದರೂ ಎರಡು ಕಾಣುತ್ತದೆ. ಇದರಲ್ಲಿ ಎರಡನೆಯದು ಚಪ್ಪಟೆ, ಮೆಟ್ಟಿಲಿನ ಹಾಗೆ ಕೆಳಗಿರುತ್ತದೆ, ಅಕ್ಷರ ಸವರಿದ ಹಾಗೆ ಸಣ್ಣಗಾಗಿರುತ್ತದೆ. ನಿಮಗೆ ಸಿಗುವ ಹತ್ತರಲ್ಲಿ ಒಂಬತ್ತು ಈ ಎರಡನೇ ಜಾತಿಯವೇ. ನನ್ನ ಡಬ್ಬಿಯಲ್ಲಿ ಅಂಥವು ಮೂವತ್ತಕ್ಕೂ ಹೆಚ್ಚಿವೆ, ಯಾರೂ ಕೇಳಿಲ್ಲ.

ಹೆಜ್ಜೆ 7: ಹತ್ತು ಮತ್ತು ಇಪ್ಪತ್ತರ ಜೋಡಿ ಲೋಹ

ಹತ್ತರಲ್ಲಿ ಹೊರಗಿನ ಬಳೆ ಹಳದಿ, ನಡುವಿನ ಬಿಲ್ಲೆ ಬಿಳಿ. ಇಪ್ಪತ್ತರಲ್ಲಿ ಅದಕ್ಕೆ ತದ್ವಿರುದ್ಧ. ಜನ ಅತಿ ಹೆಚ್ಚು ಮೋಸ ಹೋಗುವುದು ಇವುಗಳಲ್ಲೇ. ನಾನೂ ಹೋಗಿದ್ದೇನೆ.

ಕೆಲವು ವರ್ಷದ ಹಿಂದೆ ನಾಣ್ಯ ಪ್ರದರ್ಶನಕ್ಕೆ ಹೋಗಿದ್ದೆ. ಬಾಗಿಲ ಹೊರಗೆ ಮೇಜು ಹಾಕಿಕೊಂಡಿದ್ದ ಒಬ್ಬರು ಒಂದು ಹತ್ತರ ನಾಣ್ಯ ತೋರಿಸಿದರು. ಬಳೆಯ ಮೇಲೆ 'ಭಾರತ', 'ಇಂಡಿಯಾ' ಎರಡೂ ಸರಿಯಾಗಿವೆ. ನಡುವಿನ ಸಿಂಹ ಮಾತ್ರ ಪಕ್ಕಕ್ಕೆ ಮಲಗಿದೆ, ತಲೆ 'ಭಾರತ'ದ ಕಡೆಗೆ. "ಸಾರ್, ಇದು ಕೋಟಿಗೊಂದು" ಅಂದರು. ಆರುನೂರು ರೂಪಾಯಿ ಕೊಟ್ಟೆ. ಮನೆಗೆ ಬಂದು ಹೆಂಡತಿಗೆ ತೋರಿಸಿದೆ. ಅವಳು ತಿರುಗಿಸಿ ಮುರುಗಿಸಿ ನೋಡಿ, "ರೀ, ಸಿಂಹ, ಅಕ್ಷರ ಎರಡೂ ಒಂದೇ ಸಲ ಅಚ್ಚಾಗೋದು ಅಂತ ನೀವೇ ಹೇಳಿದ್ರಲ್ಲ? ಮತ್ತೆ ಸಿಂಹ ಒಂದೇ ಹೇಗೆ ಮಲಗಿಕೊಳ್ತು?" ಅಂದಳು.

ಅಷ್ಟೇ. ಬಳೆ ಮತ್ತು ಬಿಲ್ಲೆ ಎರಡನ್ನೂ ಸೇರಿಸಿಟ್ಟು, ಒಂದೇ ಅಚ್ಚು ಒಂದೇ ಹೊಡೆತಕ್ಕೆ ಎರಡರ ಮೇಲೂ ಚಿತ್ರ ಒತ್ತುತ್ತದೆ. ಹಾಗಿದ್ದಮೇಲೆ ನಡುವಿನ ಚಿತ್ರ ಮತ್ತು ಬಳೆಯ ಅಕ್ಷರ ಒಂದಕ್ಕೊಂದು ವಾಲಲು ಟಂಕಸಾಲೆಯಲ್ಲಿ ದಾರಿಯೇ ಇಲ್ಲ. ಆಮೇಲೆ ಯಾರೋ ಬಿಲ್ಲೆಯನ್ನು ಬಿಡಿಸಿ ತಿರುಗಿಸಿ ಕೂರಿಸಿದ್ದು. ಬಿಲ್ಲೆ ಮಗುಚಿ ಹಾಕಿ, ಸಿಂಹದ ಕಡೆ ಅಂಕಿ ಬರುವಂತೆ ಮಾಡಿದ್ದೂ ಇದೇ ಜಾತಿ. ಆ ಆರುನೂರರ ನಾಣ್ಯ ಈಗಲೂ ನನ್ನ ಮೇಜಿನ ಮೇಲಿದೆ.

ಹಾಗಾದರೆ ಇವುಗಳಲ್ಲಿ ಅಸಲಿ ಎರರ್ ಯಾವುದು? ಬಿಲ್ಲೆ ಸರಿಯಾಗಿ ತೂತಿನಲ್ಲಿ ಕೂರದೆ ಪಕ್ಕಕ್ಕೆ ಸರಿದು, ಬಳೆಯ ಮೇಲೆ ಹತ್ತಿಕೊಂಡು, ಹಾಗೆಯೇ ಹೊಡೆತ ಬಿದ್ದಿರುವುದು. ಆಗ ಬಿಲ್ಲೆ ಆಚೀಚೆ ಇದ್ದರೂ ಚಿತ್ರ ಮಾತ್ರ ಮುರಿಯದೆ ಎರಡರ ಮೇಲೂ ಹಾದುಹೋಗಿರುತ್ತದೆ. ಇನ್ನೊಂದು, ಬಿಲ್ಲೆಯೇ ಇಲ್ಲದೆ ಬರೀ ಬಳೆಯ ಮೇಲೆ ಹೊಡೆತ ಬಿದ್ದಿರುವುದು. ತೂತಿನ ಒಳ ಅಂಚನ್ನು ಮಸೂರದಲ್ಲಿ ನೋಡಿ. ಲೋಹ ತೂತಿನ ಕಡೆಗೆ ಹರಿದು ದುಂಡಗಾಗಿದ್ದರೆ ನಂಬಬಹುದು. ನೇರವಾಗಿ, ಬಿಲ್ಲೆ ಕಚ್ಚಿಕೊಂಡಿದ್ದ ಗುರುತಿನ ಸಮೇತ ಇದ್ದರೆ ಬಿಲ್ಲೆ ಆಮೇಲೆ ಉದುರಿದ್ದು.

ಹೆಜ್ಜೆ 8: ದೊಡ್ಡ ಮೀನುಗಳು

ಚಿಲ್ಲರೆಯಲ್ಲಿ ಇವು ಸಿಗುವುದು ಅಪರೂಪ, ಆದರೂ ಗೊತ್ತಿರಲಿ.

ನಮ್ಮ ದೇಶದ ಸಂಗ್ರಾಹಕರು 'ಲಖಿ' ಅಂತ ಕರೆಯುವ ನಾಣ್ಯ ಇದೆ. ಒಂದು ಮುಖ ಸರಿಯಾಗಿರುತ್ತದೆ. ಇನ್ನೊಂದು ಮುಖದಲ್ಲಿ ಅದೇ ಚಿತ್ರ, ಆದರೆ ಕನ್ನಡಿಯಲ್ಲಿ ಕಂಡಂತೆ ಉಲ್ಟಾ, ಮತ್ತು ಒಳಕ್ಕೆ ತಗ್ಗಾಗಿ. ಹೊಡೆದ ನಾಣ್ಯ ಅಚ್ಚಿಗೇ ಅಂಟಿಕೊಂಡು ಉಳಿದು, ಮುಂದಿನ ಬಿಲ್ಲೆಗೆ ತಾನೇ ಅಚ್ಚಾಗಿ ನಿಂತಾಗ ಹೀಗಾಗುತ್ತದೆ. ತಗ್ಗಿದ್ದರೆ ಗೀರು ಅನ್ನುವ ಸೂತ್ರಕ್ಕೆ ಇದು ದೊಡ್ಡ ಅಪವಾದ. ಎರಡು ನಾಣ್ಯ ಸೇರಿಸಿ ವೈಸ್‌ನಲ್ಲಿ ಬಿಗಿದು ನಕಲಿ ಮಾಡುತ್ತಾರೆ. ನಕಲಿಯಲ್ಲಿ ಮೊದಲಿನ ಚಿತ್ರದ ಅವಶೇಷ ಅಡಿಯಲ್ಲಿ ಕಾಣುತ್ತದೆ, ಉಬ್ಬಿದ ಭಾಗಗಳು ಜಜ್ಜಿಹೋಗಿರುತ್ತವೆ.

ಒಂದಕ್ಕೊಂದು ಜೋಡಿಯಲ್ಲದ ಎರಡು ಅಚ್ಚುಗಳು ಸೇರಿ ಹೊಡೆದದ್ದು 'ಮ್ಯೂಲ್', ಅಂದರೆ ಹೇಸರಗತ್ತೆ. ಇಂಗ್ಲೆಂಡಿನಲ್ಲಿರುವ ಕನ್ನಡಿಗರು ತಮ್ಮ 20 ಪೆನ್ಸ್ ಚಿಲ್ಲರೆ ನೋಡಿಕೊಳ್ಳಿ. 2008ರಲ್ಲಿ ಅಲ್ಲಿ ವಿನ್ಯಾಸ ಬದಲಾಗಿ ಇಸವಿ ಹಿಂದಿನ ಮುಖದಿಂದ ರಾಣಿಯ ಮುಖಕ್ಕೆ ಬಂತು. ಹೊಸ ಹಿಂಬದಿಯ ಜೊತೆ ರಾಣಿಯ ಹಳೆಯ ಅಚ್ಚನ್ನೇ ಬಳಸಿಬಿಟ್ಟರು. ಎರಡೂ ಕಡೆ ಇಸವಿಯೇ ಇಲ್ಲದ ನಾಣ್ಯಗಳು ಹೊರಬಂದವು.

ಚಿತ್ರವೇ ಇಲ್ಲದ ಬೋಳು ಬಿಲ್ಲೆಯೂ ಒಮ್ಮೊಮ್ಮೆ ಹೊರಗೆ ಬರುತ್ತದೆ. ಆದರೆ ತೂಕ, ಅಳತೆ ಕರಾರುವಾಕ್ಕಾಗಿ ಹೊಂದಬೇಕು. ಇಲ್ಲದಿದ್ದರೆ ಅದು ಹಾರ್ಡ್‌ವೇರ್ ಅಂಗಡಿಯ ಸಾಮಾನು.

ಹೆಜ್ಜೆ 9: ಸಿಕ್ಕಮೇಲೆ ಏನು ಮಾಡಬೇಕು

ತೊಳೆಯಬೇಡಿ! ಹುಣಸೆಹಣ್ಣು, ಪಾತ್ರೆ ಪುಡಿ, ನಿಂಬೆಹುಳಿ ಯಾವುದೂ ಬೇಡ. ಹಿತ್ತಾಳೆಯ ಕೊಡಕ್ಕೆ ಅದು ಸರಿ. ನಾಣ್ಯದ ಮೈಯನ್ನು ಉಜ್ಜಿದರೆ ಟಂಕಸಾಲೆಯ ಸಾಕ್ಷಿಯನ್ನೇ ಉಜ್ಜಿದ ಹಾಗೆ.

ಕಾಗದದ ಸಣ್ಣ ಕವರ್‌ನಲ್ಲಿ ಹಾಕಿಡಿ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಆಲ್ಬಮ್ ಬೇಡ, ವರ್ಷ ಕಳೆದಂತೆ ನಾಣ್ಯಕ್ಕೆ ಹಸಿರು ಜಿಗುಟು ಹತ್ತುತ್ತದೆ. ಮಲೆನಾಡು, ಕರಾವಳಿಯವರು ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಕವರ್ ಮೇಲೆ ಮುಖಬೆಲೆ, ಇಸವಿ, ಟಂಕಸಾಲೆ, ತೂಕ, ಏನು ತಪ್ಪು, ಯಾವತ್ತು ಎಲ್ಲಿ ಸಿಕ್ಕಿತು ಅಂತ ಬರೆಯಿರಿ. ಎರಡೂ ಮುಖದ ಫೋಟೋ ತೆಗೆಯಿರಿ, ಅಂಚಿನದೂ ಒಂದು ಇರಲಿ.

ಮಾರುವ ವಿಚಾರ. ಸಣ್ಣ ಬಿರುಕು, ಜಿಡ್ಡು ತುಂಬಿದ ಅಂಕಿ, ಅಲ್ಲಾಡಿದ ಅಕ್ಷರ ಇವುಗಳಿಂದ ಶ್ರೀಮಂತರಾದವರನ್ನು ನಾನು ನೋಡಿಲ್ಲ. ದೊಡ್ಡ ಆಫ್ ಸೆಂಟರ್, ಲಖಿ, ಬೇರೆ ಬಿಲ್ಲೆಯ ನಾಣ್ಯ ಸಿಕ್ಕರೆ ಅವಸರ ಮಾಡದೆ ಇಬ್ಬರು ಮೂವರು ಹಳೆಯ ಸಂಗ್ರಾಹಕರಿಗೆ ತೋರಿಸಿ. ಹಿಂದೆ ಅಂಥದ್ದೇ ನಾಣ್ಯ ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಗಿದೆ ಅಂತ ನೋಡಿ. ಯಾರೋ ಕೇಳುತ್ತಿರುವ ಬೆಲೆಯನ್ನು ನಂಬಬೇಡಿ. ಫೋನಿನಲ್ಲಿ ಯಾರಾದರೂ 'ನಿಮ್ಮ ನಾಣ್ಯಕ್ಕೆ ಹತ್ತು ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ' ಅಂದರೆ ಅಲ್ಲಿಗೇ ಫೋನ್ ಇಡಿ. ತನ್ನ ಹೆಸರು ಹೇಳಿಕೊಂಡು ಹೀಗೆ ಶುಲ್ಕ, ಕಮಿಷನ್ ಕೇಳುವವರಿದ್ದಾರೆ, ತಾನು ಇಂಥ ವ್ಯವಹಾರವನ್ನೇ ಮಾಡುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು. ಮನೆಯಲ್ಲೇ ನಾಣ್ಯ ಕೊಯ್ದು, ಕಾಯಿಸಿ 'ಎರರ್' ತಯಾರಿಸುವ ಆಸೆಯೂ ಬೇಡ. ನಾಣ್ಯ ಕರಗಿಸುವುದು, ನಾಶ ಮಾಡುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ.

ಕೊನೆಗೊಂದು, ಇದನ್ನು ನಾನು ತಡವಾಗಿ ಕಲಿತೆ. ನೋಡಿ ಮುಗಿದ ಚಿಲ್ಲರೆಯನ್ನು ಅದೇ ಅಂಗಡಿಗೆ ವಾಪಸ್ ಕೊಡಬೇಡಿ. ನಾನು ಹಾಗೆ ಮಾಡಿ, ಸಿಂಹದ ಕುತ್ತಿಗೆಗೆ ಗೀರು ಬಿದ್ದ ಒಂದೇ ಐದು ರೂಪಾಯಿಯನ್ನು ಮೂರು ತಿಂಗಳಲ್ಲಿ ಮೂರು ಸಲ ನೋಡಿದ್ದೇನೆ. ಈಗ ನನ್ನ ಚಿಲ್ಲರೆಯೆಲ್ಲ ಸಂತೆಯ ಸೊಪ್ಪಿನವರಿಗೆ ಹೋಗುತ್ತದೆ.